ಹೊಯಿಗೆಯ ಮೇಲೆ ಮೋಟಾರು, ಕೈಯಲ್ಲಿ ಗಾಳ

ಕಳೆದ ದೊಡ್ಡ ರಜೆ ಮುಗಿದು ಶಾಲೆ ಪುನಃ ಆರಂಭವಾದ ವಾರದಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದು, "ಮಾಷ್ಟ್ರೇ, ಮುಳಪ್ಪಿಲಂಗಾಡಿನಲ್ಲಿ ನಮ್ಮ ಮಾವನ ಜೀಪು ಹೊಯಿಗೆಯ ಮೇಲೆ ಮಾರ್ಗದಲ್ಲಿ ಹೋದ ಹಾಗೆಯೇ ಹೋಯಿತು. ನಮ್ಮ ಊರಿನ ಕಡಲಕರೆಯಲ್ಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹೂತುಹೋಯಿತು. ಅಲ್ಲಿಯದೂ ಹೊಯಿಗೆ, ಇಲ್ಲಿಯದೂ ಹೊಯಿಗೆಯೇ ಅಲ್ಲವೇ?" ಎಂದು ಕೇಳಿದನು. ಪ್ರಶ್ನೆಯು ಚಿಕ್ಕದು, ಆದರೆ ಉತ್ತರವನ್ನು ಹೇಳಹೊರಟಾಗ ಅದು ಭೌತಶಾಸ್ತ್ರದಿಂದ ಹೊರಟು ಚಂದ್ರನವರೆಗೆ ಹೋಗಿ, ಅಲ್ಲಿಂದ ಹಕ್ಕಿಯ ಮೊಟ್ಟೆಗೂ ಅಮೆರಿಕದ ನ್ಯಾಯಾಲಯಕ್ಕೂ ಬಂದು ಮುಟ್ಟಿತು. ತರಗತಿಯಲ್ಲಿ ಗಂಟೆ ಬಾರಿಸಿದ್ದರಿಂದ ಅರ್ಧಕ್ಕೆ ನಿಂತ ಆ ಮಾತನ್ನು ಇಲ್ಲಿ ಪೂರೈಸುತ್ತೇನೆ. ವಿದ್ಯಾರ್ಥಿಗಳ ತಂದೆತಾಯಂದಿರೂ ಇದನ್ನು ಓದುವರೆಂಬ ಭರವಸೆ ನನಗಿದೆ. ವಾಹನವನ್ನು ನಡೆಸುವವರು ಅವರೇ ತಾನೆ!

ಜೀಪು ಹೂತುಹೋದಾಗ ನಾನೂ ಅದರೊಳಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಹುಡುಗನ ಸೋದರಮಾವನು ಕೊಲ್ಲಿಯ ದೇಶದಿಂದ ರಜೆಯಲ್ಲಿ ಬಂದಿದ್ದನು. ಹನ್ನೆರಡು ಅಡಿ ಉದ್ದದ, ತುಂಡು ತುಂಡಾಗಿ ಬಿಚ್ಚಬಹುದಾದ ಗಾಳದ ಕೋಲೊಂದನ್ನು ಅಲ್ಲಿಂದ ತಂದಿದ್ದನು. ದೋಣಿಯೇರದೆ, ತೆರೆಯಂಚಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ತೆರೆಗಳ ಆಚೆಗೆ ಗಾಳವನ್ನು ಬೀಸಿ ಮೀನು ಹಿಡಿಯುವ ವಿನೋದ ಅದು. ಸಿಗಡಿಯನ್ನು ಸಿಕ್ಕಿಸಿ ನಾಲ್ಕು ಕಾಣೆ ಮೀನನ್ನಾದರೂ ಹಿಡಿಯೋಣವೆಂದು ಅವನ ಆಸೆ. ಕೋಲು, ಮಂಜುಗಡ್ಡೆಯ ಪೆಟ್ಟಿಗೆ, ಮಕ್ಕಳು, ಮಕ್ಕಳ ತಿಂಡಿ, ಜೊತೆಗೆ ನಾನು, ಇಷ್ಟನ್ನೂ ಹೊತ್ತು ನಡೆಯುವುದು ಕಷ್ಟವೆಂದು ಜೀಪನ್ನೇ ನೀರಿನ ಬಳಿಗೆ ಇಳಿಸಿದೆವು. ಅಲ್ಲಿ ವಾಹನವನ್ನು ಇಳಿಸಬಹುದೋ ಬಾರದೋ ಎಂದು ಯಾರನ್ನೂ ಕೇಳಲಿಲ್ಲ. ಮೇಲಿನ ಒಣಹೊಯಿಗೆಯಲ್ಲಿಯೇ ಹಿಂದಿನ ಚಕ್ರಗಳು ಅಚ್ಚಿನವರೆಗೆ ಮುಳುಗಿದವು. ಮಾವನು ಎಂಜಿನನ್ನು ಹೆಚ್ಚು ಹೆಚ್ಚಾಗಿ ಒತ್ತಿದಷ್ಟೂ ಚಕ್ರಗಳು ತಮಗೆ ತಾವೇ ಗುಂಡಿ ತೋಡಿಕೊಂಡವು.

ಹೊಯಿಗೆಯಲ್ಲಿ ಮೂರು ಬಗೆಯಿದೆ. ಒಣಗಿದ್ದು, ತೇವವಾದದ್ದು, ನೀರು ತುಂಬಿದ್ದು. ಒಣ ಹೊಯಿಗೆಯ ಕಾಳುಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಬಂಧನವಿಲ್ಲ. ಸಾಸಿವೆಯ ರಾಶಿಯ ಮೇಲೆ ಕೈಯೂರಿದರೆ ಹೇಗೋ ಹಾಗೆ ಅವು ಪಕ್ಕಕ್ಕೆ ಸರಿದುಬಿಡುವುವು. ಹದವಾದ ತೇವವಿದ್ದರೆ ಕಾಳು ಕಾಳುಗಳ ನಡುವೆ ನೀರಿನ ಸೂಕ್ಷ್ಮವಾದ ಸೇತುವೆಗಳು ಉಂಟಾಗಿ, ನೀರಿನ ಮೇಲ್ಮೈಯ ಸೆಳೆತವು ಅವುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಮಕ್ಕಳು ಕಟ್ಟುವ ಮರಳಿನ ಗುಡಿ ನಿಲ್ಲುವುದು ಈ ಸೆಳೆತದಿಂದಲೇ. ನೀರು ಇನ್ನೂ ಹೆಚ್ಚಾಗಿ ಎಲ್ಲ ಸಂದುಗಳೂ ತುಂಬಿಹೋದರೆ ಆ ಸೇತುವೆಗಳೇ ಇಲ್ಲವಾಗುವುವು. ಗುಡಿ ಕುಸಿಯುವುದು, ಚಕ್ರವೂ ಕುಸಿಯುವುದು. ಆದುದರಿಂದ ಕಡಲಕರೆಯಲ್ಲಿ ವಾಹನಕ್ಕೆ ಆಧಾರ ಕೊಡುವ ಭಾಗವು ನಡುವಣ ಒಂದು ಪಟ್ಟಿ ಮಾತ್ರ. ಭರತದ ನೀರು ತೋಯಿಸಿ ಹಿಂದೆ ಸರಿದ, ಆದರೆ ಇನ್ನೂ ಒಣಗದ ಪಟ್ಟಿ.

ಬರಿಗಾಲಿನಲ್ಲಿ ನಡೆಯುವ ಮಕ್ಕಳು ಒಂದು ವಿಚಿತ್ರವನ್ನು ಕಂಡಿರಬಹುದು. ತೇವದ ಹೊಯಿಗೆಯ ಮೇಲೆ ಹೆಜ್ಜೆಯಿಟ್ಟೊಡನೆ ಪಾದದ ಸುತ್ತಲೂ ಹೊಯಿಗೆಯು ಬೆಳ್ಳಗಾಗಿ ಒಣಗಿದಂತೆ ಕಾಣುವುದು. ಕಾಲೆತ್ತಿದರೆ ಮತ್ತೆ ನೀರೊಸರುವುದು. ಒತ್ತಿದರೆ ನೀರು ಮೇಲೆ ಬರಬೇಕಲ್ಲವೇ, ಒಳಗೆ ಹೋಗುವುದೇಕೆ? ಒತ್ತಾಗಿ ಕೂತಿದ್ದ ಕಾಳುಗಳು ಒಂದರ ಮೇಲೊಂದು ಹತ್ತಿ ಸರಿಯಬೇಕಾದಾಗ ಅವುಗಳ ನಡುವಣ ಸಂದು ಹಿಗ್ಗುತ್ತದೆ. ಹಿಗ್ಗಿದ ಸಂದು ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಎಂಬವರು 1885ರಲ್ಲಿ ಈ ಸಂಗತಿಯನ್ನು ಶಾಸ್ತ್ರೀಯವಾಗಿ ವಿವರಿಸಿದರು. ನಮ್ಮ ಮಟ್ಟಿಗೆ ಅದರಿಂದ ತಿಳಿಯಬೇಕಾದುದಿಷ್ಟೆ: ಕಾಲಿನ ಸುತ್ತ ಬೆಳ್ಳಗಾಗುವ ಹೊಯಿಗೆ ಬಿಗಿಯಾದದ್ದು, ಕಾಲಿಟ್ಟೊಡನೆ ನಡುಗಿ ನೀರಾಗುವುದು ನಂಬತಕ್ಕದ್ದಲ್ಲ. ಚಕ್ರ ಇಳಿಸುವ ಮೊದಲು ಯಾರಾದರೂ ಒಬ್ಬರು ಇಳಿದು ನಡೆದು ನೋಡಬೇಕೆನ್ನುವುದು ಇದಕ್ಕಾಗಿ.

ಕಾಳಿನ ಗಾತ್ರವೂ ಮುಖ್ಯ. ನುಣುಪಾದ ಹೊಯಿಗೆಯಿರುವ ಕರೆಯು ಸಾಮಾನ್ಯವಾಗಿ ಚಪ್ಪಟೆಯಾಗಿಯೂ ಗಟ್ಟಿಯಾಗಿಯೂ ಇರುವುದು. ದಪ್ಪ ಹೊಯಿಗೆಯಿರುವ ಕರೆಯು ಕಡಿದಾಗಿಯೂ ಸಡಿಲವಾಗಿಯೂ ಇರುವುದು. ಕಣ್ಣೂರಿಗೂ ತಲಶ್ಶೇರಿಗೂ ನಡುವೆಯಿರುವ ಮುಳಪ್ಪಿಲಂಗಾಡಿನಲ್ಲಿ ಸುಮಾರು 4 ಕಿಲೋಮೀಟರು ಉದ್ದಕ್ಕೆ ವಾಹನ ಓಡಿಸಬಹುದಾದಷ್ಟು ಗಟ್ಟಿಯಾದ, ಚಪ್ಪಟೆಯಾದ ಕರೆಯಿದೆ. ಕಡಲಿನೊಳಗಿನ ಕರಿಯ ಬಂಡೆಗಳು ದೊಡ್ಡ ತೆರೆಗಳ ರಭಸವನ್ನು ತಡೆಯುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿರುವ ಡೇಟೋನಾ ಕರೆಯು ಇನ್ನೂ ಗಟ್ಟಿ. 1935ರ ಮಾರ್ಚ್ ತಿಂಗಳಲ್ಲಿ ಮಾಲ್ಕಮ್ ಕ್ಯಾಂಬೆಲ್ ಎಂಬ ಸಾಹಸಿಯು ಅಲ್ಲಿ ಗಂಟೆಗೆ 276 ಮೈಲಿ ವೇಗದಲ್ಲಿ ಕಾರನ್ನು ಓಡಿಸಿ ದಾಖಲೆ ಸ್ಥಾಪಿಸಿದನು. ಆದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಕಡಲಕರೆಯನ್ನು ಬಿಟ್ಟು ಯೂಟಾದ ಉಪ್ಪಿನ ಬಯಲಿಗೆ ಹೋದನು. ನಿನ್ನೆ ಸಮತಟ್ಟಾಗಿದ್ದ ಕರೆ ಇಂದು ಹಾಗೆಯೇ ಇರುವುದೆಂಬ ಭರವಸೆ ಎಲ್ಲಿಯೂ ಇಲ್ಲ.

ಇನ್ನು ಟಯರಿನ ಗಾಳಿ. ಮಾರ್ಗದಲ್ಲಿ ಓಡುವ ಟಯರಿನಲ್ಲಿ ಚದರ ಅಂಗುಲಕ್ಕೆ 35 ಪೌಂಡಿನಷ್ಟು ಒತ್ತಡವಿರುವುದು ವಾಡಿಕೆ. ಜನರೂ ಸಾಮಾನೂ ಸೇರಿ ಜೀಪಿನ ತೂಕ 1,600 ಕಿಲೋ ಎಂದಿಟ್ಟುಕೊಳ್ಳೋಣ. ಒಂದೊಂದು ಚಕ್ರದ ಪಾಲಿಗೆ 400 ಕಿಲೋ ಬಂತು. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟಯರು ನೆಲವನ್ನು ಮುಟ್ಟುವ ವಿಸ್ತೀರ್ಣವು ಸ್ಥೂಲವಾಗಿ ಸಿಗುವುದು. 35 ಪೌಂಡಿನಲ್ಲಿ ಅದು 160 ಚದರ ಸೆಂಟಿಮೀಟರು, ಎಂದರೆ ಒಂದು ಅಂಚೆ ಕಾರ್ಡಿಗಿಂತ ತುಸು ದೊಡ್ಡದು. ಒಂದು ಕಾರ್ಡಿನಷ್ಟು ಜಾಗದ ಮೇಲೆ 400 ಕಿಲೋ! ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ಆ ವಿಸ್ತೀರ್ಣವು 280 ಚದರ ಸೆಂಟಿಮೀಟರಾಗುವುದು. ಎರಡು ಕಾರ್ಡುಗಳಿಗಿಂತ ಹೆಚ್ಚು. ಮರುಭೂಮಿಯ ಒಂಟೆಗೆ ಅಗಲವಾದ ಮೆತ್ತನೆಯ ಪಾದವಿರುವುದೂ ಇದೇ ಕಾರಣಕ್ಕೆ. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ತಮ್ಮ ಮನೆಯ ಸೈಕಲಿನ ಲೆಕ್ಕವನ್ನೂ ಹೀಗೆಯೇ ಮಾಡಿ ನೋಡಬಹುದು. ನಾವು ಅಂದು ಗಾಳಿಯನ್ನು ಇಳಿಸಿರಲಿಲ್ಲ. ಇಳಿಸಿದವರು ಮತ್ತೆ ತುಂಬಿಸಿಕೊಳ್ಳದೆ ಮಾರ್ಗದಲ್ಲಿ ವೇಗವಾಗಿ ಓಡಿಸಬಾರದು. ಮೆದುವಾದ ಟಯರು ಬಾಗಿ ಬಾಗಿ ಬಿಸಿಯಾಗಿ ಒಡೆಯುವ ಅಪಾಯವಿದೆ.

ಹೊಯಿಗೆಯಲ್ಲಿ ನಡೆಸುವವನು ತಟಕ್ಕನೆ ಬ್ರೇಕು ಹಾಕಬಾರದು, ತಟಕ್ಕನೆ ತಿರುಗಿಸಲೂ ಬಾರದು. ಚಕ್ರದ ಮುಂದೆ ಹೊಯಿಗೆಯ ದಿಬ್ಬವೇರ್ಪಟ್ಟು ಅದೇ ಅಡ್ಡಿಯಾಗುವುದು. ಹಿಂದೆ ಹೋದ ವಾಹನದ ಜಾಡಿನಲ್ಲಿಯೇ ನಿಧಾನವಾಗಿ, ಒಂದೇ ಸಮನಾದ ವೇಗದಲ್ಲಿ ಸಾಗುವುದು ಸುಲಭ. ಹೂತುಹೋದರೆ ಚಕ್ರವನ್ನು ತಿರುಗಿಸುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಚಕ್ರಗಳ ಮುಂದಿನ ಹೊಯಿಗೆಯನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಗಾಳಿಯನ್ನು ಇನ್ನಷ್ಟು ಇಳಿಸಿ, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಸರಿಯುವುದು ಉತ್ತಮ. ಜಾಕನ್ನು ನೇರವಾಗಿ ಹೊಯಿಗೆಯ ಮೇಲಿಟ್ಟರೆ ಜೀಪು ಮೇಲೇರುವುದಿಲ್ಲ, ಜಾಕೇ ಕೆಳಗಿಳಿಯುವುದು. ಅದರಡಿಗೆ ಅಗಲವಾದ ಹಲಗೆ ಬೇಕು. ಇದನ್ನು ನಾವು ಅನುಭವದಿಂದ ಕಲಿತೆವು.

ಇಷ್ಟರಲ್ಲಿ ಕಡಲು ಸುಮ್ಮನಿರುವುದಿಲ್ಲ. ನಮ್ಮ ಕರೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಭರತದ ವೇಳೆಯು ದಿನದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತಿರುವುದು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತವು ಒಂದೇ ಸಾಲಿನಲ್ಲಿ ಕೂಡಿ ಭರತವು ಹೆಚ್ಚಾಗುವುದು. ನೀರು ಏರುವ ಎತ್ತರವು ಒಂದು ಮೀಟರು ಮಾತ್ರವೆಂದು ಅಸಡ್ಡೆ ಮಾಡುವವರು ಇಳಿಜಾರಿನ ಲೆಕ್ಕವನ್ನು ಹಾಕಿಲ್ಲ. 50 ಮೀಟರಿಗೆ ಒಂದು ಮೀಟರು ಇಳಿಯುವ ಚಪ್ಪಟೆಯಾದ ಕರೆಯಲ್ಲಿ ನೀರು ಒಂದು ಮೀಟರು ಏರಿದರೆ ಅಂಚು 50 ಮೀಟರು ಒಳಕ್ಕೆ ಬರುವುದು. ವಾಹನಕ್ಕೆ ಅನುಕೂಲವಾದ ಚಪ್ಪಟೆ ಕರೆಯೇ ನೀರು ಬೇಗ ಆವರಿಸುವ ಕರೆಯೂ ಹೌದು. ಇಳಿತದ ವೇಳೆಗೆ ಮೊದಲು ಒಂದೆರಡು ಗಂಟೆ, ಅನಂತರ ಒಂದೆರಡು ಗಂಟೆ, ಇಷ್ಟೇ ಕಡಲು ನಮಗೆ ಬಿಟ್ಟುಕೊಡುವ ಅವಧಿ. ಉಪ್ಪುನೀರು ಒಮ್ಮೆ ಎಂಜಿನಿನೊಳಗೆ ಹೊಕ್ಕರೆ ಆ ವಾಹನವು ಮತ್ತೆ ಉಪಯೋಗಕ್ಕೆ ಬರುವುದು ಅಪರೂಪ.

ಹೀಗೆ ಹೊಯಿಗೆಯ ಮೇಲೆ ವಾಹನ ನಡೆಸಿ ಗಾಳ ಹಾಕುವುದನ್ನು ಒಂದು ಜೀವನಕ್ರಮವನ್ನಾಗಿ ಮಾಡಿಕೊಂಡ ಜನರು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದಾರೆ. ಅವರು ಪಟ್ಟ ಪಾಡಿನಿಂದ ನಾವು ತಿಳಿಯಬೇಕಾದುದು ಬಹಳವಿದೆ. ಉತ್ತರ ಕ್ಯಾರೊಲೈನಾ ರಾಜ್ಯದ ಮುಂದೆ, ನಮ್ಮ ಕಡಲಿನ ಅಳಿವೆಗಳ ಬಾಯಿಯಲ್ಲಿ ಹೊಯಿಗೆಯ ದಿಣ್ಣೆಗಳು ಚಾಚಿಕೊಂಡಿರುವಂತೆ, ಆದರೆ ಅದರ ನೂರಾರು ಪಟ್ಟು ಉದ್ದಕ್ಕೆ, ಕಿರಿದಾದ ಹೊಯಿಗೆಯ ದ್ವೀಪಗಳು ಸಾಲಾಗಿ ಬಿದ್ದಿವೆ. ಅವುಗಳಲ್ಲಿ ಹ್ಯಾಟರಸ್ ಎಂಬುದು ಪ್ರಸಿದ್ಧ. ಕಡಲು ಅಲ್ಲಿ ನೆಲವನ್ನು ಎಷ್ಟು ತಿನ್ನುವುದೆಂದರೆ, 1999ರಲ್ಲಿ ಆ ದ್ವೀಪದ ಇಟ್ಟಿಗೆಯ ಎತ್ತರದ ದೀಪಸ್ತಂಭವನ್ನು ಬುಡಸಹಿತ ಎತ್ತಿ, ಹಳಿಗಳ ಮೇಲೆ ಜಾರಿಸುತ್ತ, 2,900 ಅಡಿ ಒಳಕ್ಕೆ ಸಾಗಿಸಬೇಕಾಯಿತು. ಹಿಂದೆ ಆ ದ್ವೀಪದಲ್ಲಿ ಡಾಮರು ಮಾರ್ಗವಿರಲಿಲ್ಲ. ಊರಿನಿಂದ ಊರಿಗೆ ಹೋಗುವವರು ಟಯರಿನ ಗಾಳಿಯನ್ನು ಇಳಿಸಿಕೊಂಡು ಇಳಿತದ ವೇಳೆ ಕಡಲಕರೆಯಲ್ಲಿಯೇ ಹೋಗುತ್ತಿದ್ದರು. ಅವರಿಗೆ ಅದು ವಿನೋದವಲ್ಲ, ಮಾರ್ಗವೇ ಅದು. 1937ರಲ್ಲಿ ಅಮೆರಿಕದ ಶಾಸನಸಭೆಯು ಆ ಕರೆಯನ್ನು ರಾಷ್ಟ್ರೀಯ ಕಡಲತೀರವೆಂದು ಕಾಯ್ದಿಡಲು ಅನುಮತಿ ಕೊಟ್ಟಿತು. 1953ರಲ್ಲಿ ಅದು ವಿಧಿವತ್ತಾಗಿ ಸ್ಥಾಪನೆಯಾಯಿತು. ಅಷ್ಟರಲ್ಲಿ ಡಾಮರು ಮಾರ್ಗ ಬಂತು. 1963ರಲ್ಲಿ ಆರೆಗನ್ ಅಳಿವೆಗೆ ಸೇತುವೆಯೂ ಬಂತು. ಸೇತುವೆಯಾದ ಮೇಲೆ ಹೊರಗಿನವರ ವಾಹನಗಳಿಗೆ ತಡೆಯಿಲ್ಲದಂತಾಯಿತು.

ಅವರನ್ನು ಅಲ್ಲಿಗೆ ಸೆಳೆಯುವುದು ಮುಖ್ಯವಾಗಿ ರೆಡ್ ಡ್ರಮ್ ಎಂಬ ತಾಮ್ರವರ್ಣದ ಮೀನು. ಬಾಲದ ಬುಡದಲ್ಲಿ ಕರಿಯ ಬೊಟ್ಟಿರುವುದು ಅದರ ಗುರುತು. 1971ರಿಂದ ಅದು ಆ ರಾಜ್ಯದ ಅಧಿಕೃತ ಮೀನು. 1984ರಲ್ಲಿ ಹ್ಯಾಟರಸಿನ ಏವನ್ ಎಂಬ ಊರಿನಲ್ಲಿ 94 ಪೌಂಡಿಗೂ ಮಿಕ್ಕಿದ ರೆಡ್ ಡ್ರಮ್ ಗಾಳಕ್ಕೆ ಸಿಕ್ಕಿತ್ತು. ಎಂದರೆ ಸುಮಾರು 42 ಕಿಲೋ, ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನ ತೂಕ! ಆದರೆ ಆ ರಾಜ್ಯದ ನಿಯಮದಂತೆ ಮನೆಗೆ ಒಯ್ಯಬಹುದಾದುದು 18 ರಿಂದ 27 ಅಂಗುಲದೊಳಗಿನ ಮೀನನ್ನು ಮಾತ್ರ, ಅದೂ ದಿನಕ್ಕೆ ಒಂದನ್ನು. ದೊಡ್ಡದನ್ನು ನೀರಿಗೇ ಬಿಡಬೇಕು. ಈ ಮೀನು ಅರವತ್ತು ವರ್ಷದವರೆಗೂ ಬದುಕಬಲ್ಲದು. ದೊಡ್ಡ ಮೀನುಗಳೇ ಮೊಟ್ಟೆಯಿಟ್ಟು ಸಂತಾನವನ್ನು ಬೆಳೆಸತಕ್ಕವು. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಒಯ್ಯುವುದು ನಮ್ಮ ಲೋಕರೂಢಿಗೆ ತಲೆಕೆಳಗಾಗಿ ತೋರಿದರೂ ಲೆಕ್ಕವು ಸರಿಯಾಗಿಯೇ ಇದೆ.

ತೊಡಕು ಹುಟ್ಟಿದುದು ಮೀನಿನಿಂದಲ್ಲ, ಹೊಯಿಗೆಯಲ್ಲಿ ವಾಸಿಸುವ ಇತರರಿಂದ. ಪಂಚತಂತ್ರದಲ್ಲಿ ಟಿಟ್ಟಿಭದ ಕಥೆಯನ್ನು ಮಕ್ಕಳು ಓದಿರುವರು. ಕಡಲತಡಿಯಲ್ಲಿ ಮೊಟ್ಟೆಯಿಟ್ಟ ಹಕ್ಕಿಯ ಮೊಟ್ಟೆಗಳನ್ನು ಸಮುದ್ರವು ಅಪಹರಿಸಿತು. ಆ ಪುಟ್ಟ ಹಕ್ಕಿಯು ಸಮುದ್ರದೊಡನೆಯೇ ವ್ಯಾಜ್ಯ ಹೂಡಿ ಗೆದ್ದಿತು. ಟಿಟ್ಟಿಭದ ಕುಟುಂಬಕ್ಕೇ ಸೇರಿದ ಪೈಪಿಂಗ್ ಪ್ಲವರ್ ಎಂಬ ಹಕ್ಕಿಯೊಂದು ಅಮೆರಿಕದ ಆ ಕರೆಯಲ್ಲಿ ಮೊಟ್ಟೆಯಿಡುವುದು. ಗೂಡೆಂದರೆ ಹೊಯಿಗೆಯಲ್ಲಿ ಕೆದಕಿದ ಸಣ್ಣ ಗುಳಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆಯ ಬಣ್ಣವು ಹೊಯಿಗೆಯದೇ. ನರಿಯ ಕಣ್ಣಿಗೆ ಬೀಳದಿರಲೆಂದು ಪ್ರಕೃತಿಯು ಕೊಟ್ಟ ಆ ಬಣ್ಣವೇ ಚಕ್ರದಡಿಯಲ್ಲಿ ಅದಕ್ಕೆ ಮೃತ್ಯುವಾಯಿತು. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮೇವಿಗಾಗಿ ನೀರಿನಂಚಿಗೆ ಓಡುವುವು. ಹಾರಲು ಬರುವುದಕ್ಕೆ ಇನ್ನೂ ನಾಲ್ಕು ವಾರ ಬೇಕು. ಅಪಾಯ ಕಂಡಾಗ ಅವು ಓಡುವುದಿಲ್ಲ, ಕುಳಿತುಬಿಡುವುವು. ಟಯರಿನ ಜಾಡಿನ ಹಳ್ಳವು ಅವುಗಳಿಗೆ ಒಳ್ಳೆಯ ಅಡಗುತಾಣವಾಗಿ ಕಾಣುವುದು. ಮುಂದಿನ ವಾಹನವು ಬರುವುದು ಆ ಜಾಡಿನಲ್ಲಿಯೇ. ಅಟ್ಲಾಂಟಿಕ್ ಕರೆಯ ಈ ಹಕ್ಕಿಯು ಅಪಾಯದಲ್ಲಿದೆಯೆಂದು 1986ರಲ್ಲಿ ಅಲ್ಲಿಯ ಸರಕಾರವು ಪಟ್ಟಿಗೆ ಸೇರಿಸಿತು.

ಕಡಲಾಮೆಯ ಸಂಗತಿಯು ನಮಗೆ ಇನ್ನೂ ಹತ್ತಿರದ್ದು. ಹ್ಯಾಟರಸಿನಲ್ಲಿ ಲಾಗರ್‌ಹೆಡ್ ಆಮೆಯಾದರೆ, ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ನಮ್ಮ ಕರೆಗೆ ಬರುವುದು ಆಲಿವ್ ರಿಡ್ಲಿ ಆಮೆ. ಕತ್ತಲೆಯಲ್ಲಿ ನೀರಿನಿಂದೇರಿ ಬಂದು, ಹಿಂಗಾಲುಗಳಿಂದ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು, ಮುಚ್ಚಿ ಮರಳುವುದು. ಬಿಸಿಲಿನ ಶಾಖದಿಂದಲೇ ಸುಮಾರು 45 ರಿಂದ 60 ದಿನಗಳಲ್ಲಿ ಮರಿಗಳು ಹೊರಬರುವುವು. ರಾತ್ರಿಯಲ್ಲಿ ಹೊರಬಂದ ಮರಿಗೆ ದಾರಿ ತೋರುವುದು ಬೆಳಕು. ತೆರೆದ ಕಡಲಿನ ಮೇಲಣ ಆಕಾಶವು ದಡದ ಮರಗಳ ಕತ್ತಲೆಗಿಂತ ಬೆಳ್ಳಗಿರುವುದರಿಂದ ಅತ್ತ ಓಡುವುದು. ದಡದಲ್ಲಿ ವಾಹನದ ದೀಪವು ಉರಿದರೆ ಅದೇ ಕಡಲೆಂದು ಇತ್ತ ತಿರುಗುವುದು. ಕಡಲಿನತ್ತಲೇ ಹೊರಟರೂ ನಡುವೆ ಟಯರಿನ ಜಾಡಿದ್ದರೆ ಎರಡಂಗುಲದ ಆ ಮರಿಗೆ ಅದು ಕೋಟೆಯ ಕಂದಕ. ಹತ್ತಲಾರದೆ ಜಾಡಿನುದ್ದಕ್ಕೂ ನಡೆದು ನಡೆದು ಸೋಲುವುದು, ಬೆಳಗಾದರೆ ಕಾಗೆಗಳ ಪಾಲು. ನೀಲೇಶ್ವರದ ತೈಕಡಪ್ಪುರದ ಕರೆಯಲ್ಲಿ ಈ ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕಾರ್ಯವು ಅನೇಕ ವರ್ಷಗಳಿಂದ ನಡೆದುಬಂದಿದೆ. ಒಮ್ಮೆ ಮಕ್ಕಳನ್ನು ಕರೆದೊಯ್ದು ತೋರಿಸಬೇಕಾದ ದೃಶ್ಯವದು.

1972ರಲ್ಲಿ, ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ವರ್ಷವೇ, ಅಮೆರಿಕದ ಅಧ್ಯಕ್ಷ ನಿಕ್ಸನ್ನರು ಸರಕಾರದ ಭೂಮಿಯಲ್ಲಿ ಮಾರ್ಗ ಬಿಟ್ಟು ಓಡುವ ವಾಹನಗಳಿಗೆ ನಿಯಮಗಳನ್ನು ರಚಿಸಬೇಕೆಂದು ಆಜ್ಞೆ ಹೊರಡಿಸಿದರು. ಹ್ಯಾಟರಸಿನಲ್ಲಿ ಆ ನಿಯಮವು ಮೂವತ್ತೈದು ವರ್ಷವಾದರೂ ಪೂರ್ಣರೂಪಕ್ಕೆ ಬರಲಿಲ್ಲ. ಕಚೇರಿಯ ಕಡತಗಳು ಎಲ್ಲ ದೇಶಗಳಲ್ಲಿಯೂ ಒಂದೇ ನಡಿಗೆಯವೆಂದು ತೋರುತ್ತದೆ. 2007ರಲ್ಲಿ ಹಕ್ಕಿಗಳ ರಕ್ಷಣೆಗಾಗಿ ದುಡಿಯುವ ಸಂಘಗಳು ನ್ಯಾಯಾಲಯಕ್ಕೆ ಹೋದುವು. 2008ರಲ್ಲಿ ಉಭಯ ಪಕ್ಷಗಳೂ ಒಪ್ಪಿದ ತೀರ್ಪಿನಿಂದ ಗೂಡುಗಳಿರುವ ಭಾಗಗಳು ಮುಚ್ಚಲ್ಪಟ್ಟುವು. ಗಾಳ ಹಾಕುವವರಿಗೂ, ಅವರನ್ನೇ ನೆಚ್ಚಿದ್ದ ಅಂಗಡಿ ಹೋಟೆಲುಗಳವರಿಗೂ ಬಹಳ ಕೋಪ ಬಂತು. ತಾತನ ಕಾಲದಿಂದ ಓಡಾಡಿದ ಕರೆಯನ್ನು ಒಂದು ಹಿಡಿಯಷ್ಟಿಲ್ಲದ ಹಕ್ಕಿಗಾಗಿ ಮುಚ್ಚುವುದೆಂದರೇನು ಎಂಬ ಅವರ ಮಾತಿನಲ್ಲಿ ನೋವಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ದ್ವೀಪದವರಿಗೆ ಬೇರೆ ಜೀವನೋಪಾಯವೂ ಹೆಚ್ಚಿಲ್ಲ.

ಕೊನೆಗೆ 2012ರ ಫೆಬ್ರವರಿಯಲ್ಲಿ ನಿಯಮವು ಜಾರಿಗೆ ಬಂತು. ಕರೆಯ ಕೆಲವು ಭಾಗ ವಾಹನಗಳಿಗೆ, ಕೆಲವು ಭಾಗ ಕಾಲ್ನಡೆಯವರಿಗೆ. ಗೂಡು ಕಂಡಲ್ಲಿ ಕಾಲಕ್ಕೆ ತಕ್ಕಂತೆ ತಡೆ. ವಾಹನವಿಳಿಸುವವನು ಹಣ ತೆತ್ತು ಪರವಾನಗಿ ಪಡೆಯಬೇಕು, ನಿಯಮಗಳನ್ನು ತಿಳಿದುಕೊಂಡಿದ್ದೇನೆಂದು ಸಹಿ ಹಾಕಬೇಕು. ವೇಗವು ಗಂಟೆಗೆ 15 ಮೈಲಿ; ನಡೆಯುವವರಿಗೆ ಮೊದಲ ಹಕ್ಕು. ವಾಹನದಲ್ಲಿ ಸಲಿಕೆ, ಜಾಕು, ಜಾಕಿನಡಿಗೆ ಹಲಗೆ, ಕಡಿಮೆ ಒತ್ತಡವನ್ನು ಅಳೆಯುವ ಗಾಳಿಮಾಪಕ ಇವು ಇರಲೇಬೇಕು. ಇವುಗಳಲ್ಲಿ ಒಂದೂ ನಮ್ಮ ಜೀಪಿನಲ್ಲಿರಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಆಮೆಗಳ ಕಾಲದಲ್ಲಿ, ಮೇ 1ರಿಂದ, ರಾತ್ರಿ 9 ಗಂಟೆಯ ಅನಂತರ ವಾಹನ ಸಂಚಾರವನ್ನು ಆ ನಿಯಮವು ನಿಲ್ಲಿಸಿತು. ತಡೆಗಳು ಅತಿಯಾದುವೆಂಬ ದೂರಿನ ಮೇಲೆ, ಅವನ್ನು ಮರುಪರಿಶೀಲಿಸಬೇಕೆಂದು 2014ರ ಕೊನೆಯಲ್ಲಿ ಶಾಸನಸಭೆಯು ವಿಧಿಸಿತು; ಕೆಲವು ಸಡಿಲವಾದುವು. ಯಾವ ಪಕ್ಷವೂ ಪೂರ್ಣವಾಗಿ ಗೆಲ್ಲಲಿಲ್ಲ. ಆದರೆ ಗಾಳ ಹಾಕುವ ಹಕ್ಕು ಉಳಿಯಿತು, ಹಕ್ಕಿಯೂ ಉಳಿಯಿತು. ನನ್ನ ಅಭಿಪ್ರಾಯದಲ್ಲಿ, ಆ ಗಾಳದವರೇ 1972ರಲ್ಲಿ ಮುಂದೆ ಬಂದು ಗೂಡಿನ ಸುತ್ತ ನಾಲ್ಕು ಗೂಟ ನೆಟ್ಟಿದ್ದರೆ ನ್ಯಾಯಾಲಯದವರೆಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಕರೆಯ ಸ್ಥಿತಿಯು ಹ್ಯಾಟರಸಿನದಕ್ಕಿಂತ ಭಿನ್ನ. ನಮ್ಮಲ್ಲಿ ಹತ್ತಾರು ಮೈಲಿ ಉದ್ದದ ನಿರ್ಜನವಾದ ತೀರವಿಲ್ಲ. ಕೂಗಳತೆಗೊಂದು ಮನೆ, ದೋಣಿ, ಒಣಹಾಕಿದ ಬಲೆ. ಅಧಿಕಾರಿಗಳು ವಾಹನಕ್ಕೆಂದು ಬಿಟ್ಟುಕೊಟ್ಟ ಮುಳಪ್ಪಿಲಂಗಾಡಿನಂತಹ ಸ್ಥಳದ ಹೊರತು ಬೇರೆಡೆ ವಾಹನ ಇಳಿಸದಿರುವುದೇ ಸರಿ; ಅಲ್ಲಿಯೂ ಆ ದಿನದ ನಿಬಂಧನೆಯನ್ನು ಕೇಳಿಯೇ ಇಳಿಸಬೇಕು. ಮಳೆಗಾಲದಲ್ಲಂತೂ ಆ ಯೋಚನೆಯೇ ಬೇಡ. ಕರೆಯ ಮೇಲ್ಭಾಗದಲ್ಲಿ ಆಡಿನ ಗೊರಸಿನಂತಹ ಎಲೆಯೂ ನೇರಿಳೆ ಹೂವೂ ಇರುವ ಅಡುಂಬು ಬಳ್ಳಿಯನ್ನು, ರಾವಣನ ಮೀಸೆಯೆಂಬ ಮುಳ್ಳುಹುಲ್ಲನ್ನು ಎಲ್ಲರೂ ಕಂಡಿರುತ್ತೇವೆ. ಗಾಳಿಗೆ ಹಾರುವ ಹೊಯಿಗೆಯನ್ನು ಹಿಡಿದು ದಿಬ್ಬ ಕಟ್ಟುವುದು ಇವೇ. ಆ ದಿಬ್ಬವೇ ಕಡಲ್ಕೊರೆತಕ್ಕೆ ಮೊದಲ ತಡೆ. ಉಪ್ಪನ್ನೂ ಬಿಸಿಲನ್ನೂ ತಾಳುವ ಈ ಬಳ್ಳಿಗಳು ಟಯರನ್ನು ತಾಳಲಾರವು. ಮೇಲಿನಿಂದ ಕೆಳಗೆ ಇಳಿಯುವಾಗ ಬಳ್ಳಿಗಳ ನಡುವೆ ಹೊಸ ದಾರಿ ಮಾಡುವುದು, ಹತ್ತು ವರ್ಷದಲ್ಲಿ ಬೆಳೆದ ಬೇಲಿಯನ್ನು ಒಂದು ಹೊತ್ತಿನ ಅನುಕೂಲಕ್ಕಾಗಿ ಕಿತ್ತ ಹಾಗೆ.

ನಡೆದೇ ಹೋಗಿ ಗಾಳ ಹಾಕುವವರಿಗೂ ಒಂದು ಮಾತು. ತುಂಡಾದ ನೈಲಾನು ದಾರವನ್ನು ಹೊಯಿಗೆಯಲ್ಲಿ ಬಿಟ್ಟುಬರುವವರಿದ್ದಾರೆ. ಅದು ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವುದು. ಕೊಕ್ಕೆಯಾದರೆ ಬರಿಗಾಲಿನ ಮಗುವಿಗೆ. ಗಾಳವನ್ನು ಹಿಂದಕ್ಕೆ ಬೀಸುವಾಗ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳಬೇಕು.

ಅಂದು ನಮ್ಮನ್ನು ಬಿಡಿಸಿದವರು, ಸಮೀಪದಲ್ಲಿ ಬಲೆಯ ಹರಕನ್ನು ಹೊಲಿಯುತ್ತಿದ್ದ ಮೊಗವೀರ ಹಿರಿಯರೊಬ್ಬರು ಮತ್ತು ಅವರ ಮಕ್ಕಳು. ಭರತವೇರಲು ಇನ್ನೆಷ್ಟು ಹೊತ್ತಿದೆಯೆಂದು ಅವರು ಗಡಿಯಾರ ನೋಡದೆಯೇ ಹೇಳಿದರು. ಮೊದಲು ಟಯರಿನ ಗಾಳಿ ಬಿಡಿಸಿದರು. ಬಳಿಕ ದೋಣಿಯನ್ನು ಉರುಳಿಸುವ ಮರದ ತುಂಡುಗಳನ್ನು ತಂದು ಚಕ್ರದಡಿಗೆ ಕೊಟ್ಟರು. ಎಂಟು ಜನ ದೂಡಿದಾಗ ಜೀಪು ಬಂದ ಜಾಡಿನಲ್ಲಿಯೇ ಹಿಂದೆ ಸರಿದು ಮೇಲೇರಿತು. ಮಾವನು ಹಣ ಕೊಡಹೋದನು, ಹಿರಿಯರು ತೆಗೆದುಕೊಳ್ಳಲಿಲ್ಲ. ಬದಲಾಗಿ ಚಕ್ರಗಳು ತೋಡಿದ್ದ ಗುಂಡಿಗಳನ್ನು ತೋರಿಸಿ, "ಮಾಷ್ಟ್ರೇ, ಇದನ್ನು ಮುಚ್ಚಿ ಹೋಗಿ. ಮುಂಜಾನೆ ಮೂರು ಗಂಟೆಗೆ ಕತ್ತಲೆಯಲ್ಲಿ ನಾವು ದೋಣಿ ಇಳಿಸುವುದು ಇಲ್ಲಿಯೇ. ಯಾರದ್ದಾದರೂ ಕಾಲು ಮುರಿದೀತು" ಎಂದರು. ಸಲಿಕೆಯಿರಲಿಲ್ಲವಾದುದರಿಂದ ಮಕ್ಕಳ ತಿಂಡಿಯ ತಟ್ಟೆಗಳಿಂದಲೇ, ನಾನೂ ಮಾವನೂ ಹುಡುಗನೂ ಸೇರಿ, ಕತ್ತಲಾಗುವವರೆಗೆ ಆ ಗುಂಡಿಗಳನ್ನು ಮುಚ್ಚಿದೆವು.